ಪಲೆರ್ಮೊಕ್ಕೆ ಹೋದ ಅರವತ್ತು ಹಾಳೆ

ಎಡಗೆನ್ನೆಯನ್ನು ಎರಡನೇ ಸಲ ಬೋಳಿಸಿಕೊಳ್ಳುತ್ತಿದ್ದೇನೆಂಬುದು ಹಾಲಸ್ವಾಮಿಗೆ ತಿಳಿದದ್ದು ಚರ್ಮ ಉರಿಯತೊಡಗಿದ ಮೇಲೆ. ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದ ಆಮಂತ್ರಣ ಪತ್ರಿಕೆಗೆ ಸೋಪಿನ ನೊರೆ ಸಿಡಿದು, 'ಪ್ರಾಸ್ತಾವಿಕ ನುಡಿ: ಪಲೆರ್ಮೊ ಖ್ಯಾತಿಯ ಶ್ರೀ ಹಾಲಸ್ವಾಮಿಯವರು, ಸಸ್ಯಶಾಸ್ತ್ರ ವಿಭಾಗ' ಎಂಬ ಸಾಲಿನಲ್ಲಿ 'ಖ್ಯಾತಿ' ಮಾತ್ರ ಒದ್ದೆಯಾಗಿ ಉಬ್ಬಿಕೊಂಡಿತ್ತು. ಒರೆಸಲು ಹೋಗಿ ಇನ್ನಷ್ಟು ಹರಡಿದ. ಹನ್ನೊಂದಕ್ಕೆ ಕಾಲೇಜಿನಲ್ಲಿ ಸನ್ಮಾನ. ಕೊಟ್ಟೂರಿನ ಈ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದ ಅವನಿಗೆ ನಿವೃತ್ತಿಗೆ ಇನ್ನು ಏಳು ತಿಂಗಳಿದ್ದವು, ಆದರೆ ಸನ್ಮಾನ ಅವನಿಗಲ್ಲ. ಅವನ ಕೈಯಲ್ಲೇ ಬಿ.ಎಸ್ಸಿ. ಓದಿ, ಮುಂದೆ ಸಂಶೋಧನೆಗೆ ಸೇರಿ, ಸಿಸಿಲಿ ದ್ವೀಪದ ಪಲೆರ್ಮೊ ಊರಿನ ಇನ್ನೂರಮೂವತ್ತು ವರ್ಷ ಹಳೆಯ ಸಸ್ಯೋದ್ಯಾನದಲ್ಲಿ ಎಂಟು ತಿಂಗಳು ಕೆಲಸ ಮಾಡಿ ರಜೆಗೆ ಬಂದ ಕ್ರಾಂತಿಗೆ. ಕ್ರಾಂತಿ ಪಕ್ಕೀರಪ್ಪನ ಮಗಳು. ಪಕ್ಕೀರಪ್ಪ ಅದೇ ವಿಭಾಗದಲ್ಲಿ ಅಟೆಂಡರ್ ಆಗಿದ್ದು ಎಂಟು ವರ್ಷದ ಹಿಂದೆ ನಿವೃತ್ತನಾದವನು. ನಿನ್ನೆ ಸಂಜೆ ಅವಳು ಫೋನು ಮಾಡಿ, ಫಂಕ್ಷನ್ನಿಗಿಂತ ಅರ್ಧ ತಾಸು ಮುಂಚೆ ಲ್ಯಾಬಿಗೆ ಬರುತ್ತೀರಾ ಸರ್, ಒಂದು ವಿಷಯ ಮಾತಾಡುವುದಿದೆ ಎಂದಿದ್ದಳು. ಯಾವ ವಿಷಯ ಎಂದು ಕೇಳಲು ಬಾಯಿ ತೆರೆದವನು, ಊಟ ಆಯಿತೇನಮ್ಮ ಎಂದು ಕೇಳಿದ್ದ. ಆಗ ಗಂಟೆ ಐದೂವರೆ.

ವಿಷಯ ಯಾವುದೆಂದು ಅವನಿಗೆ ಗೊತ್ತಿತ್ತು. ಹಾಲಸ್ವಾಮಿ ಪಲೆರ್ಮೊಕ್ಕೆ ಹೋಗಿರಲಿಲ್ಲ. ಇಷ್ಟು ಸಣ್ಣ ವಾಕ್ಯವನ್ನು ಇಪ್ಪತ್ತಮೂರು ವರ್ಷಗಳಲ್ಲಿ ಅವನು ಯಾರ ಮುಂದೆಯೂ ಆಡಿರಲಿಲ್ಲ, ಬಚ್ಚಲಲ್ಲಿ ಒಬ್ಬನೇ ನಿಂತಾಗಲೂ ಆಡಿರಲಿಲ್ಲ. ಬದಲಿಗೆ ಆ ತೋಟದ ಬಗ್ಗೆ ಪ್ರತಿವರ್ಷ ಒಂದು ವಿಶೇಷ ಉಪನ್ಯಾಸ ಕೊಟ್ಟಿದ್ದ, ನಲವತ್ತು ಪುಟದ ಕಿರುಹೊತ್ತಿಗೆ ಬರೆದಿದ್ದ, ಹರಪನಹಳ್ಳಿಯ ಶಿಕ್ಷಕರ ಶಿಬಿರದಲ್ಲಿ ಎರಡು ತಾಸು ಮಾತಾಡಿ ಶಾಲು ಹೊದ್ದು ಬಂದಿದ್ದ. ಬಜಾರಿನಲ್ಲಿ ಅವನನ್ನು ಪಲೆರ್ಮೊ ಮೇಷ್ಟ್ರು ಎನ್ನುತ್ತಿದ್ದರು. ತೀರಿಹೋದ ಅತ್ತೆಯಂತೂ ಕಡೆತನಕ ಅಳಿಯ ಹೋಗಿದ್ದು ಪೋಲೇರಮ್ಮನಿಗೆ ನಡೆದುಕೊಳ್ಳಲು ಎಂದೇ ತಿಳಿದಿದ್ದಳು. ಆಂಧ್ರದ ಕಡೆಯ ಆ ದೇವಿ ಬಲು ಖಡಕ್ಕು, ಹೋಗುತ್ತೇನೆಂದು ಹೇಳಿ ತಪ್ಪಿಸಿದವರನ್ನು ಬಿಡುವುದಿಲ್ಲ ಎಂದು ಒಮ್ಮೆ ಊಟಕ್ಕೆ ಬಡಿಸುತ್ತ ಎಚ್ಚರಿಸಿದ್ದಳು. ಮನೆಯವರಲ್ಲಿ ಸತ್ಯಕ್ಕೆ ತೀರ ಹತ್ತಿರ ಬಂದಿದ್ದವಳು ಅವಳೊಬ್ಬಳೇ. ಹೆಂಡತಿ ನಾಗಲಿಂಗಮ್ಮ ಈಗ ಇಸ್ತ್ರಿ ಮಾಡಿದ ಅಂಗಿಯನ್ನು ಬಾಗಿಲಿಗೆ ತೂಗುಹಾಕಿ, ಅವನ ಗಲ್ಲದ ಕೆಂಪನ್ನು ನೋಡಿಯೂ ನೋಡದವಳಂತೆ ಹೇಳಿದಳು: "ಆ ಹುಡಿಗಿ ಎಂಟು ತಿಂಗಳು ಇದ್ದು ಬಂದಾಳ. ನೀವು ಮೂರು ವಾರ ಇದ್ದು ಬಂದಿದ್ದನ್ನ ಇಪ್ಪತ್ತು ವರ್ಷ ಹೇಳಿದ್ರಿ. ಇವತ್ತರ ಅಕಿಗೆ ಮಾತಾಡಾಕ ಬಿಡ್ರಿ." ಅವಳಿಗೆ ಗೊತ್ತಿರಬಹುದೇ ಎಂಬ ಹಳೆಯ ಅನುಮಾನ ಮತ್ತೆ ತಲೆಯೆತ್ತಿತು. ಗೊತ್ತಿದ್ದರೂ ಅವಳು ಹೀಗೆಯೇ ಮಾತಾಡುತ್ತಿದ್ದಳು, ಗೊತ್ತಿಲ್ಲದಿದ್ದರೂ ಹೀಗೆಯೇ. ಹೆಂಡತಿಯೊಂದಿಗೆ ಇಷ್ಟು ವರ್ಷ ಬಾಳಿಯೂ ಇದೊಂದನ್ನು ಪತ್ತೆಹಚ್ಚುವ ಉಪಾಯ ಅವನಿಗೆ ಹೊಳೆದಿರಲಿಲ್ಲ.

ಕಾಲೇಜಿಗೆ ನಡೆದೇ ಹೊರಟ. ಬೈಕು ತೆಗೆದರೆ ಬೇಗ ತಲುಪಿಬಿಡುವ ಭಯ. ತೇರು ಬೀದಿಯ ಅಂಗಡಿಗಳು ಶಟರು ಎತ್ತುತ್ತಿದ್ದವು. ಬಸ್ ಸ್ಟ್ಯಾಂಡಿನ ಮೂಲೆಗೆ ಬಂದಾಗ ಅವನ ಹೆಜ್ಜೆ ತಾನಾಗಿ ಚುರುಕಾಯಿತು, ಇಪ್ಪತ್ತಮೂರು ವರ್ಷದಿಂದಲೂ ಆ ಮೂಲೆಯಲ್ಲಿ ಅದು ಹಾಗೆಯೇ ಚುರುಕಾಗುತ್ತಿತ್ತು. ಎರಡು ಸಾವಿರದ ಎರಡನೇ ಇಸವಿಯ ಜೂನ್ ತಿಂಗಳಲ್ಲಿ ಇಲ್ಲಿಯತನಕ ಬ್ಯಾಂಡು ಬಾರಿಸಿಕೊಂಡು ಅವನನ್ನು ಕರೆತಂದಿದ್ದರು. ಒಣನಾಡಿನ ಮುಳ್ಳುಗಿಡಗಳ ಬಗ್ಗೆ ಅವನು ಬರೆದ ಒಂದು ಪತ್ರವನ್ನು ಮೆಚ್ಚಿ ಪಲೆರ್ಮೊದ ತೋಟದವರು ಮೂರು ವಾರದ ತರಬೇತಿಗೆ ಕರೆದಿದ್ದರು. ಅಂದಿನ ಪ್ರಿನ್ಸಿಪಾಲರು ಗಂಧದ ಹಾರ ಹಾಕಿದ್ದರು, ಪಕ್ಕೀರಪ್ಪ ಸೂಟುಕೇಸನ್ನು ಬಸ್ಸಿನ ಮೇಲೆ ಹತ್ತಿಸಿ ಎರಡು ಸಲ ಹಗ್ಗ ಎಳೆದು ನೋಡಿದ್ದ. ಮುಂಬೈಯ ವೀಸಾ ಕಚೇರಿಯ ಗಾಜಿನ ಹಿಂದೆ ಕೂತಿದ್ದವಳು ಅವನ ಕಾಗದಗಳನ್ನು ಒಂದೊಂದಾಗಿ ತಿರುವಿ, ರಜೆ ಮಂಜೂರಾತಿ ಪತ್ರದ ಹತ್ತಿರ ನಿಂತು, ಇದು ಯಾವ ಭಾಷೆ ಎಂದು ಕೇಳಿದಳು. ಕನ್ನಡ ಎಂದ. ಅವಳು ಇನ್ನೊಮ್ಮೆ ಕೇಳಿದಳು, ಅವನು ಇನ್ನೊಮ್ಮೆ ಕನ್ನಡ ಎಂದ, ಮೂರನೆಯ ಸಲ ಹೇಳುವಾಗ ದನಿ ಯಾಕೋ ಏರಿತು, ಸಾಲಿನಲ್ಲಿ ಹಿಂದೆ ನಿಂತಿದ್ದ ಸೂಟುಧಾರಿಯೊಬ್ಬ, ಕೆನಡಾ ಅಲ್ಲವಂತೆ ಮೇಡಂ, ಎಂದು ನಗುತ್ತ ಸಹಾಯಕ್ಕೆ ಬಂದ. ಅದನ್ನೇ ಇಂಗ್ಲಿಷಿನಲ್ಲಿ ಬರೆಸಿ ಸಹಿ ಹಾಕಿಸಿಕೊಂಡು ಎರಡು ದಿನದಲ್ಲಿ ಬನ್ನಿ ಎಂದು ಅವಳು ಮರ್ಯಾದೆಯಿಂದಲೇ ಹೇಳಿದಳು. ಅಷ್ಟೇ. ಕಾಲೇಜಿಗೊಂದು ಫೋನು, ಅಲ್ಲಿಂದೊಂದು ಫ್ಯಾಕ್ಸು ಸಾಕಿತ್ತು. ಅವನು ಎಸ್‌ಟಿಡಿ ಬೂತಿಗೆ ಹೋಗಿ ನಂಬರು ಒತ್ತಿದ್ದೂ ನಿಜ. ಆದರೆ ಆ ಕಡೆ ಗಂಟೆ ಬಾರಿಸತೊಡಗಿದಾಗ, ಮೊನ್ನೆ ತಾನೆ ಹಾರ ಹಾಕಿದ ಆ ಕೈ ಈಗ ರಿಸೀವರು ಎತ್ತುತ್ತದೆ, ಆ ಬಾಯಿ 'ಯಾಕ್ರಿ ಹಾಲಸ್ವಾಮಿ, ಇನ್ನೂ ಅಲ್ಲೇ ಅದೀರೇನು' ಎನ್ನುತ್ತದೆ ಎಂದು ಅನ್ನಿಸಿ, ಗಂಟೆ ಮೂರು ಸಲ ಬಾರಿಸುವುದರೊಳಗೆ ಫೋನು ಇಟ್ಟುಬಿಟ್ಟಿದ್ದ.

ಇಪ್ಪತ್ತು ದಿನ ದಾದರಿನ ಒಂದು ಲಾಡ್ಜಿನಲ್ಲಿದ್ದ. ದಿನಾ ಬೆಳಿಗ್ಗೆ ಲೋಕಲ್ ಹಿಡಿದು ಭಾಯಖಳಾದ ರಾಣಿ ಬಾಗ್ ಉದ್ಯಾನಕ್ಕೆ ಹೋಗಿ, ದೊಡ್ಡದೊಂದು ಆಲದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು, ಪಲೆರ್ಮೊದವರು ಕಳಿಸಿದ್ದ ಪುಸ್ತಿಕೆಯನ್ನು ಮೊದಲಿನಿಂದ ಕೊನೆಯತನಕ, ಮತ್ತೆ ಮೊದಲಿನಿಂದ ಓದುತ್ತಿದ್ದ. ಸಾವಿರದ ಏಳುನೂರ ಎಂಬತ್ತೊಂಬತ್ತರಲ್ಲಿ ನೆಲ ಹದಮಾಡಿದ್ದು, ತೊಂಬತ್ತೈದರಲ್ಲಿ ಬಾಗಿಲು ತೆರೆದದ್ದು, ಗ್ರೀಕ್ ಗುಡಿಯ ಹಾಗೆ ಕಂಬಗಳಿಟ್ಟು ಕಟ್ಟಿದ ಪಾಠಶಾಲೆ, ಲಿನೇಯಸ್ಸನ ಲೆಕ್ಕಾಚಾರದಂತೆ ಹೂವಿನ ಕೇಸರಗಳನ್ನು ಎಣಿಸಿ ಎಣಿಸಿ ಗಿಡಗಳನ್ನು ಸಾಲು ಹಿಡಿಸಿದ ಪಾತಿಗಳು, ಇಪ್ಪತ್ತನಾಲ್ಕು ಭಾಗ ಮಾಡಿದ ದುಂಡನೆಯ ನೀರಿನ ಕೊಳ, ರಾಣಿಯೊಬ್ಬಳು ಕಾಣಿಕೆ ಕೊಟ್ಟ ಸೈಕಾಸ್ ಗಿಡ, ಸಾವಿರದ ಎಂಟುನೂರ ನಲವತ್ತೈದರಲ್ಲಿ ಪೆಸಿಫಿಕ್ ಸಮುದ್ರದ ನಡುಗಡ್ಡೆಯಿಂದ ತಂದು ನೆಟ್ಟ, ಈಗ ಒಂದು ಓಣಿಯಷ್ಟು ಹಬ್ಬಿ ಬಿಳಲು ಬಿಟ್ಟು ನಿಂತ ಅತ್ತಿಯ ಜಾತಿಯ ಮರ. ಕಣ್ಣು ಕಟ್ಟಿದರೂ ಅವನು ಬೋರ್ಡಿನ ಮೇಲೆ ಆ ತೋಟದ ನಕ್ಷೆ ಬಿಡಿಸಬಲ್ಲವನಾಗಿದ್ದ. ಹೋಗಿ ಬಂದವರಲ್ಲಿ ಎಷ್ಟು ಮಂದಿಗೆ ಅದು ಬಂದೀತು ಎಂದು ತನ್ನನ್ನು ತಾನೇ ಕೇಳಿಕೊಂಡು ಸಮಾಧಾನಪಟ್ಟದ್ದೂ ಉಂಟು. ಕಷ್ಟವೆಂದರೆ, ಊರವರಿಗೆ ಪುಸ್ತಿಕೆಯಲ್ಲಿ ಇದ್ದದ್ದು ಬೇಕಿರಲಿಲ್ಲ. ಅಲ್ಲಿ ಏನು ಕಂಡಿರಿ, ಎಲ್ಲಿ ಕೂತಿರಿ ಎಂದೇ ಕೇಳುತ್ತಿದ್ದರು. ಅವನು ಕಂಡದ್ದನ್ನು, ಕೂತದ್ದನ್ನು ಹೇಳಿದ. ಕಲ್ಲುಬೆಂಚು, ಬಿಳಲುಗಳ ನಡುವೆ ಬೀಡಿ ಸೇದುತ್ತ ಎಲೆ ಗುಡಿಸುವ ಮುದಿ ಮಾಲಿ, ಹಠಾತ್ತನೆ ಸುರಿದ ಜೂನ್ ತಿಂಗಳ ಮಳೆ, ಆ ಮಳೆಗೆ ನೆಲದಿಂದ ಎದ್ದ ವಾಸನೆ. ಎಲ್ಲರಿಗೂ ನೆನಪಿದ್ದದ್ದು ಭಾಯಖಳಾ. ಮೆಡಿಟರೇನಿಯನ್ ನಾಡುಗಳಲ್ಲಿ ಬೇಸಗೆ ಒಣಗಿರುತ್ತದೆ, ಮಳೆ ಬೀಳುವುದು ಚಳಿಗಾಲಕ್ಕೆ ಎಂದು ಅದೇ ಉಪನ್ಯಾಸದ ಮೊದಲ ಭಾಗದಲ್ಲಿ ಅವನೇ ಹೇಳುತ್ತಿದ್ದ. ಇಷ್ಟು ವರ್ಷಗಳಲ್ಲಿ ಎದ್ದುನಿಂತು ಕೇಳಿದವಳು ಒಬ್ಬಳೇ. ಎರಡನೆಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ ಕ್ರಾಂತಿ, ಹಂಗಾದ್ರ ಜೂನಿನ್ಯಾಗ ಮಳಿ ಹೆಂಗ್ ಬಂತ್ರಿ ಸರ್ ಎಂದಿದ್ದಳು. ಅಪರೂಪಕ್ಕೊಮ್ಮೆ ಬರುತ್ತದೆ ಎಂದು ಹೇಳಿ ಕೂರಿಸಿದ್ದ. ಆ ಸಲದ ಇಂಟರ್ನಲ್ ಅಂಕಗಳಲ್ಲಿ ಅವಳಿಗೆ ಇಪ್ಪತ್ತಕ್ಕೆ ಹದಿನೇಳು ಹಾಕಿದ. ಹತ್ತೊಂಬತ್ತು ಬರಬೇಕಾಗಿತ್ತೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಲ್ಯಾಬಿನ ಬಾಗಿಲು ತೆರೆದೇ ಇತ್ತು. ನುಸಿಗುಳಿಗೆಯ ವಾಸನೆ, ಕಪಾಟಿನ ಮೇಲೆ ಧೂಳು. ಕ್ರಾಂತಿ ಎದ್ದು ನಿಂತು ಕಾಲು ಮುಟ್ಟಲು ಬಗ್ಗಿದಾಗ ಅವನು ಅವಸರದಿಂದ ಹಿಂದೆ ಸರಿದು ಸ್ಟೂಲಿಗೆ ಎಡವಿದ. ಇಪ್ಪತ್ತೇಳರ ಹುಡುಗಿ, ಹತ್ತಿಯ ನೀಲಿ ಚೂಡಿದಾರ, ಕೊರಳಲ್ಲಿ ಅಪ್ಪನ ಮನೆಯ ಗೋಡೆಯ ಮೇಲಿರುವಂಥದೇ ಬುದ್ಧನ ಸಣ್ಣ ಪದಕ. ಅವನನ್ನು ಕೂರಿಸಿ ಲ್ಯಾಪ್‌ಟಾಪು ತಿರುಗಿಸಿದಳು. ಈಗ ಬಂತು ಎಂದುಕೊಂಡ. ಆ ವರ್ಷದ ತರಬೇತಿಯ ಗ್ರೂಪ್ ಫೋಟೋ ಇರಬೇಕು, ಅದರಲ್ಲಿ ತಾನಿಲ್ಲದ್ದನ್ನು ತನಗೇ ತೋರಿಸುತ್ತಾಳೆ. ಆದರೆ ಪರದೆಯ ಮೇಲೆ ಮೂಡಿದ್ದು ಹಳದಿ ತಿರುಗಿದ ಒಂದು ಕನ್ನಡ ದಿನಪತ್ರಿಕೆಯ ಪುಟ. ಬೀಜೋಪಚಾರದ ಜಾಹೀರಾತು, ಕೂಡ್ಲಿಗಿಯ ಸಂತೆಯ ಧಾರಣೆ, ಅಂಚಿನ ಖಾಲಿ ಜಾಗದಲ್ಲಿ ಪೆನ್ಸಿಲಿನ ದುಂಡು ಅಕ್ಷರ.

ಅವಳು ನಿಧಾನವಾಗಿ ವಿವರಿಸಿದಳು. ಅವನು ಎರಡು ಸಾವಿರದ ನಾಲ್ಕರಲ್ಲಿ ಈ ಕಾಲೇಜಿನಿಂದ ಪಲೆರ್ಮೊಕ್ಕೆ ಅಂಚೆಯಲ್ಲಿ ಕಳಿಸಿದ್ದ ಅರವತ್ತು ಒಣಗಿಡಗಳು ಅಲ್ಲಿನ ಸಂಗ್ರಹದಲ್ಲಿ ಜೋಪಾನವಾಗಿದ್ದವು. ಒಂದೊಂದನ್ನೂ ದಪ್ಪ ಹಾಳೆಗೆ ಹೊಲಿದು, ಅವನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ್ದ 'ಸಂಗ್ರಾಹಕ: ಹಾಲಸ್ವಾಮಿ' ಎಂಬ ಚೀಟಿಯನ್ನು ಮೂಲೆಗೆ ಅಂಟಿಸಿದ್ದರು. ಗಿಡ ಸುತ್ತಿದ್ದ ಪತ್ರಿಕೆಯ ಕಾಗದದ ಮೇಲೆ ಏನೋ ಬರವಣಿಗೆ ಇದೆಯೆಂದು ಅದನ್ನೂ ಎಸೆಯದೆ ಲಕೋಟೆಗಳಲ್ಲಿ ಇಟ್ಟುಕೊಂಡಿದ್ದರು. ಓದುವವರು ಇರಲಿಲ್ಲ. ಇವಳು ಅಲ್ಲಿ ಸೇರಿದ ಎರಡನೆಯ ತಿಂಗಳು ಅಲ್ಲಿನ ಹಿರಿಯಳೊಬ್ಬಳು ಲಕೋಟೆಗಳನ್ನು ತಂದು, ಇದು ನಿಮ್ಮ ಕಡೆಯ ಲಿಪಿಯೇ ನೋಡು ಎಂದಳಂತೆ. ಹಾಲಸ್ವಾಮಿ ಮೂಗಿನ ಮೇಲೆ ಕನ್ನಡಕ ಸರಿಪಡಿಸಿಕೊಂಡು ಓದಿದ. 'ಜೂನ್ ೧೧. ಗುಡೇಕೋಟೆ ಗುಡ್ಡ. ಮಾಕಳಿ ಬೇರಿನ ಬಳ್ಳಿ. ಕರಡಿ ಕೆದರಿದ ಜಾಗ, ಬೇಗ ಇಳಿದೆ.' ಮುಂದಿನದು, 'ಜೂನ್ ೧೪. ಬಂದರಿಕಿ ಗಿಡ. ಕೂಡ್ಲಿಗಿ ದಾರಿ. ಕ್ರಾಂತಿಗೆ ಜ್ವರ, ಮದ್ಯಾನ ಮನಿಗೆ ಹೋದೆ.' ಈ ಎರಡನೆಯದರ ಮೇಲೆ ಅವಳ ಬೆರಳು ತುಸು ಹೊತ್ತು ನಿಂತಿತು. ತನಗೆ ನಾಲ್ಕು ವರ್ಷವಿದ್ದಾಗಿನ ಜ್ವರವನ್ನು ತಾನು ಸಮುದ್ರದಾಚೆಯ ಊರಿನಲ್ಲಿ ಕೂತು ಓದಿದೆನೆಂದು ಹೇಳಲಿಲ್ಲ, ಹೇಳುವುದು ಬೇಕಿರಲಿಲ್ಲ.

"ಅಪ್ಪನ ಅಕ್ಷರ ರೀ ಸರ್ ಇವು. ಅರವತ್ತಕ್ಕೂ ಇವ ಅದಾವ."

ಹಾಲಸ್ವಾಮಿಗೆ ಮೊದಲು ಆದದ್ದು ಹಗುರು. ಇಷ್ಟೇನಾ, ಎಂದು ಅವನ ಎದೆ ಮೇಲೆದ್ದು ಕೂತಿತು. ಬೆಂಚಿನ ಮಾತಲ್ಲ, ಮಳೆಯ ಮಾತಲ್ಲ, ವೀಸಾದ ಮಾತಲ್ಲ, ಚೀಟಿಯ ಮೇಲಿನ ಹೆಸರಿನ ಮಾತು. ಅದರಲ್ಲಿ ತಪ್ಪೇನಿತ್ತು. ಹೆಸರು ಪತ್ತೆಹಚ್ಚಿದ್ದು ಅವನು, ಲ್ಯಾಟಿನ್ ಬರೆದಿದ್ದು ಅವನು, ವಿಭಾಗ ಅವನದು. ಪಕ್ಕೀರಪ್ಪ ಗುಡ್ಡ ಹತ್ತುತ್ತಿದ್ದ, ಕೊಯ್ಯುತ್ತಿದ್ದ, ಒಣಗಿಸುತ್ತಿದ್ದ. ಅದು ಕೆಲಸ. ಎಲ್ಲ ಕಾಲೇಜುಗಳಲ್ಲೂ ನಡೆದುಕೊಂಡು ಬಂದದ್ದೇ. ಆ ಅರವತ್ತು ಗಿಡಗಳನ್ನು ಅವನು ಕಳಿಸಿದ್ದಾದರೂ ಯಾಕೆ? ತಾನು ಹೋಗದ ಜಾಗಕ್ಕೆ ತನ್ನ ಹೆಸರಾದರೂ ಹೋಗಲಿ ಎಂಬ ತಪ್ಪುಗಾಣಿಕೆಯಂತೆ ಕಳಿಸಿದ್ದ. ವಂದನೆ ತಿಳಿಸಿ ಅಲ್ಲಿಂದ ಬಂದ ಕಾರ್ಡು ಕಟ್ಟು ಹಾಕಿಸಿಕೊಂಡು ಸ್ಟಾಫ್ ರೂಮಿನ ಗೋಡೆಯ ಮೇಲಿತ್ತು. ಕ್ರಾಂತಿ ಹೇಳುತ್ತಿದ್ದಳು: ಯಾರು ಸಂಗ್ರಹಿಸಿದ್ದು ಎಂದು ಅವನು ಒಂದು ಪತ್ರ ಬರೆದು ಸಹಿ ಮಾಡಿಕೊಟ್ಟರೆ ಅಲ್ಲಿನವರು ಪ್ರತಿ ಹಾಳೆಗೂ ಹೊಸ ಚೀಟಿ ಅಂಟಿಸುತ್ತಾರೆ. ಹಳೆಯ ಚೀಟಿಯನ್ನು ಕೀಳುವ ಪದ್ಧತಿ ಇಲ್ಲ, ಅದರ ಪಕ್ಕದಲ್ಲೇ ಹೊಸದು. ನಾಡಿದ್ದು ತಾನು ಪಲೆರ್ಮೊಕ್ಕೆ ಮರಳುವಾಗ ಪತ್ರ ಒಯ್ಯುತ್ತೇನೆ. ಫಂಕ್ಷನ್ ಮುಗಿಯಲಿ, ನೋಡೋಣ ಎಂದ ಹಾಲಸ್ವಾಮಿ. 'ನೋಡೋಣ' ಎಂಬ ಪದಕ್ಕೆ ಕೊಟ್ಟೂರಿನಲ್ಲಿ ಏನು ಅರ್ಥವೆಂದು ಅವಳಿಗೆ ಗೊತ್ತಿದ್ದಿರಬೇಕು. ಲ್ಯಾಪ್‌ಟಾಪು ಮುಚ್ಚದೆ ಹಾಗೇ ಬಿಟ್ಟು ಸಭಾಂಗಣಕ್ಕೆ ನಡೆದಳು.

ಅವಳ ಹಿಂದೆಯೇ ಏಳಬೇಕೆಂದಿದ್ದವನು ಕೂತೇ ಇದ್ದ. ಜೂನ್ ಹನ್ನೊಂದು, ಜೂನ್ ಹದಿನಾಲ್ಕು. ಯಾವ ವರ್ಷದ ಜೂನು? ಪತ್ರಿಕೆಯ ತಲೆಪಟ್ಟಿಯನ್ನು ದೊಡ್ಡದು ಮಾಡಿ ನೋಡಿದ. ಎರಡು ಸಾವಿರದ ಎರಡು. ಅವನು 'ಪಲೆರ್ಮೊದಲ್ಲಿ' ಇದ್ದ ಜೂನು. ಸಾಹೇಬರು ಇಲ್ಲದ ಮೂರು ವಾರ ಪಕ್ಕೀರಪ್ಪ ಸುಮ್ಮನೆ ಕೂರದೆ ಗುಡ್ಡ ಹತ್ತಿದ್ದ. ತಾನು ಬಂದು ಕಟ್ಟು ಬಿಚ್ಚಿ, ಅಂಚಿನ ತಾರೀಖುಗಳನ್ನು ಒಂದನ್ನೂ ಬದಲಿಸದೆ ಚೀಟಿಗಳಿಗೆ ಇಳಿಸಿದ್ದ. ತಾರೀಖಿನ ವಿಷಯದಲ್ಲಿ ಹಾಲಸ್ವಾಮಿ ಯಾವಾಗಲೂ ಪ್ರಾಮಾಣಿಕ. ಹಾಗಾಗಿ ಇಪ್ಪತ್ತೊಂದು ವರ್ಷದಿಂದ ಆ ಅರವತ್ತು ಚೀಟಿಗಳು ಪಲೆರ್ಮೊದಲ್ಲೇ ಕೂತು, ಹಾಲಸ್ವಾಮಿ ಎಂಬುವವನು ಜೂನ್ ತಿಂಗಳಿಡೀ ಗುಡೇಕೋಟೆಯ ಗುಡ್ಡದಲ್ಲಿದ್ದ ಎಂದು ಸಾಕ್ಷಿ ಹೇಳುತ್ತಿದ್ದವು. ಬೆವರು ಬಂತು. ಬೆವರು ಆರುವುದರೊಳಗೆ ಇನ್ನೊಂದು ಹೊಳೆಯಿತು. ಪತ್ರ ಬರೆದುಕೊಟ್ಟರೆ ತನಗೇ ಲಾಭ. ಆಗ ನಾನು ಪಲೆರ್ಮೊದಲ್ಲಿದ್ದೆನಾದ್ದರಿಂದ ಇವನ್ನು ಸಂಗ್ರಹಿಸಿದವನು ಪಕ್ಕೀರಪ್ಪ ಎಂದು ಬರೆದರಾಯಿತು. ನ್ಯಾಯವೂ ಆಯಿತು, ಹೋಗಿದ್ದಕ್ಕೆ ತನ್ನ ಕೈಬರಹದಲ್ಲೊಂದು ದಾಖಲೆಯೂ ಆಯಿತು. ನಿನ್ನೆ ಸಂಜೆಯ ನಂತರ ಮೊದಲ ಸಲ ಅವನಿಗೆ ಹಸಿವಾಯಿತು.

ಸಭೆಯಲ್ಲಿ ಅವನು ಚೆನ್ನಾಗಿಯೇ ಮಾತಾಡಿದ. ಇಸವಿಗಳು ಒಂದೂ ತಪ್ಪಲಿಲ್ಲ. ಅಮೆರಿಕದಿಂದ ಬಂದ ಪಾಪಾಸುಕಳ್ಳಿಯ ಹಣ್ಣಿಗೆ ಸಿಸಿಲಿಯವರು ಇಂಡಿಯಾದ ಅಂಜೂರವೆನ್ನುತ್ತಾರೆ, ಅದೇ ಅಮೆರಿಕದಿಂದ ಬಂದ ಜಾಲಿಗೆ ನಾವು ಬಳ್ಳಾರಿ ಜಾಲಿ ಎನ್ನುತ್ತೇವೆ, ಗಿಡಗಳಿಗೆ ತಮ್ಮ ಊರು ಯಾವುದೆಂದು ಹೇಳಿಕೊಳ್ಳುವ ಚಿಂತೆ ಇಲ್ಲ ಎಂದು ಹೇಳಿದಾಗ ಹುಡುಗರು ಚಪ್ಪಾಳೆ ತಟ್ಟಿದರು. ಬೆಂಚನ್ನೂ ಮಳೆಯನ್ನೂ ಬಿಟ್ಟ. ಪಕ್ಕೀರಪ್ಪನನ್ನು ವೇದಿಕೆಗೆ ಕರೆದರೂ ಅವನು ಬಂದಿರಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ, ಮೂವತ್ತು ವರ್ಷ ಎಲ್ಲ ಫಂಕ್ಷನ್ನುಗಳಲ್ಲೂ ಕೂತ ಜಾಗದಲ್ಲೇ ಕೂತಿದ್ದ. ಮೈಕು ಕಿರುಗುಟ್ಟಿದಾಗ ಎದ್ದು ಹೋಗಿ ಅದರ ಕಿವಿ ತಿರುವಿ ಬಂದ, ಈಗಿನ ಅಟೆಂಡರು ನೋಡುತ್ತ ನಿಂತಿದ್ದ. ಕ್ರಾಂತಿಯ ಮಾತು ಮುಗಿದ ಮೇಲೆ ಪ್ರಿನ್ಸಿಪಾಲ ಪ್ರವೀಣಕುಮಾರ ತಾನೂ ಒಂದು ಕಾಲದಲ್ಲಿ ಹಾಲಸ್ವಾಮಿಯ ವಿದ್ಯಾರ್ಥಿಯಾಗಿದ್ದುದನ್ನು ಹೆಮ್ಮೆಯಿಂದ ನೆನೆದು, ಸರ್ ಇವತ್ತು ಯಾಕೋ ಆ ಬೆಂಚಿನ ಕತೆ ಹೇಳಲಿಲ್ಲ, ಕ್ರಾಂತಿಯವರು ಅದನ್ನು ನೋಡಿದರೋ ಇಲ್ಲವೋ ಎಂದು ಮೈಕಿನಲ್ಲೇ ಕೇಳಿಬಿಟ್ಟ. ಹಾಲಸ್ವಾಮಿ ಎದುರಿಗಿದ್ದ ನೀರಿನ ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದತೊಡಗಿದ.

"ಬೆಂಚು ಭಾಳ ಅದಾವ್ರಿ ಅಲ್ಲಿ," ಎಂದಳು ಕ್ರಾಂತಿ. "ಕುಂದ್ರೋರಿಗೆ ಏನೂ ಕಡಿಮಿ ಇಲ್ಲ."

ಸಭೆ ನಕ್ಕಿತು. ಹಾಲಸ್ವಾಮಿಯೂ ನಕ್ಕ, ಎಲ್ಲರಿಗಿಂತ ತುಸು ಹೆಚ್ಚು ಹೊತ್ತು.

ಊಟದ ಗದ್ದಲದಲ್ಲಿ ಅವನು ತಪ್ಪಿಸಿಕೊಂಡು ಲ್ಯಾಬಿಗೆ ಬಂದು ಬಾಗಿಲು ಓರೆ ಮಾಡಿ ಪತ್ರ ಬರೆದ. ಬರೆಯುತ್ತ ಬರೆಯುತ್ತ ಅವನಿಗೆ ತನ್ನ ಮೇಲೆ ಪ್ರೀತಿ ಹುಟ್ಟಿತು. 'ಎರಡು ಸಾವಿರದ ಎರಡರ ಜೂನ್ ತಿಂಗಳಲ್ಲಿ ನಾನು ತಮ್ಮ ಉದ್ಯಾನದ ಆತಿಥ್ಯದಲ್ಲಿದ್ದುದರಿಂದ, ಈ ಅರವತ್ತು ಸಸ್ಯಗಳನ್ನು ಸಂಗ್ರಹಿಸಿದ ಕೀರ್ತಿ ನನ್ನ ಸಹಾಯಕ ಶ್ರೀ ಪಕ್ಕೀರಪ್ಪನವರಿಗೆ ಸಲ್ಲತಕ್ಕದ್ದು.' ಇಂಗ್ಲಿಷಿನಲ್ಲಿ ಇನ್ನೂ ಗಂಭೀರವಾಗಿ ಕೇಳಿಸಿತು. ಕ್ರಾಂತಿ ಬಂದು, ಕೈ ಒರೆಸಿಕೊಂಡು ಹಾಳೆ ಎತ್ತಿ ಓದಿದಳು. ಓದಿದ ಮೇಲೂ ಹಾಳೆಯಿಂದ ಕಣ್ಣು ತೆಗೆಯಲಿಲ್ಲ. ಅವನಿಗೆ ಇಂಟರ್ನಲ್ ಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ನಿಂತ ಮೇಷ್ಟ್ರೊಬ್ಬರ ಮುಂದೆ ಕೂತಂತೆ ಅನ್ನಿಸಿತು.

"ಸರ್, ಇದನ್ನ ಮತ್ಯಾರಿಗರ ಕೊಡಬಹುದ್ರಿ," ಎಂದಳು ಮೆಲ್ಲಗೆ. "ಅಲ್ಲಿ ಕೊಡಾಕ ಬರಂಗಿಲ್ಲ. ಆ ವರ್ಷ ಯಾರು ಬಂದಿದ್ರು, ಯಾರು ಬಂದಿದ್ದಿಲ್ಲ ಅನ್ನೋ ಪುಸ್ತಕ ಅಲ್ಲೇ ಐತ್ರಿ."

ಜಗತ್ತಿನಲ್ಲಿ ಎಲ್ಲಿ ಬೇಕಾದರೂ ಹೇಳಬಹುದಾದ ಆ ಸುಳ್ಳನ್ನು ಹೇಳಲಾಗದ ಜಾಗ ಒಂದೇ ಒಂದಿತ್ತು, ಅವನು ಅದರ ವಿಳಾಸವನ್ನೇ ಪತ್ರದ ತಲೆಯ ಮೇಲೆ ದುಂಡಗೆ ಬರೆದಿದ್ದ. ಹೊರಗೆ ಯಾರೋ ಊಟದ ತಟ್ಟೆಗಳನ್ನು ಬೀಳಿಸಿದರು. ಇಪ್ಪತ್ತಮೂರು ವರ್ಷ ಅವನು ಈ ಗಳಿಗೆಯನ್ನು ಬೇರೆ ಬೇರೆ ರೀತಿ ಕಲ್ಪಿಸಿಕೊಂಡಿದ್ದ. ತುಂಬಿದ ಸಭೆ, ಬೆರಳು ತೋರಿಸುವ ಜನ, ತಾನು ಎದ್ದುನಿಂತು ತೂಕವಾಗಿ ಒಪ್ಪಿಕೊಳ್ಳುವುದು, ಒಪ್ಪಿಕೊಂಡದ್ದಕ್ಕೆ ಕೆಲವರ ಕಣ್ಣಾದರೂ ಒದ್ದೆಯಾಗುವುದು. ಈಗ ಅದು ಬಂದಿತ್ತು, ನುಸಿಗುಳಿಗೆ ವಾಸನೆಯ ಕೋಣೆಯಲ್ಲಿ, ಹುಳಿಯನ್ನದ ತೇಗಿನ ಜೊತೆ. ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಮುಂಬೈ, ಗಾಜಿನ ಕಿಟಕಿ, ಕನ್ನಡದ ಕಾಗದ, ಎಸ್‌ಟಿಡಿ ಬೂತು. ದಾದರಿನ ಲಾಡ್ಜಿನ ಮೆಟ್ಟಿಲತನಕ ಬಂದಿದ್ದನೋ ಇಲ್ಲವೋ, ಕ್ರಾಂತಿ ಗಡಿಯಾರ ನೋಡಿದಳು. ಒರಟುತನದಿಂದಲ್ಲ. ಅವಳಿಗೆ ಮಧ್ಯಾಹ್ನ ಇಟ್ಟಿಗಿ ಊರಿನ ಸೋದರತ್ತೆಯ ಮನೆಗೆ ಹೋಗುವುದಿತ್ತು, ಬಸ್ಸು ಎರಡೂವರೆಗೆ.

"ನೀವು ಎಲ್ಲಿದ್ರಿ ಅನ್ನೋದು ಬ್ಯಾಡ್ರಿ ಸರ್. ಅದನ್ನ ಯಾರೂ ಕೇಳಿಲ್ಲ. ಗಿಡ ಯಾರು ತಂದ್ರು ಅನ್ನೋದಷ್ಟ ಬರೀರಿ, ಸಾಕು."

ಹಾಲಸ್ವಾಮಿ ಆ ಹಾಳೆಯನ್ನು ಅವಳ ಕೈಯಿಂದ ಇಸಿದುಕೊಂಡು ಮಡಚಿದ. ಯಾರೂ ಕೇಳಿಲ್ಲ. ಅವಳು ಸಿಟ್ಟಿನಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ತಾನು ಇಷ್ಟು ವರ್ಷ ಹೊಟ್ಟೆಯೊಳಗಿಟ್ಟು ಸಾಕಿದ ಪಾಪ ಯಾರಿಗೂ ಏನೂ ಕೆಡುಕು ಮಾಡಿರಲಿಲ್ಲ, ಅದರಿಂದ ನೊಂದವರೂ ಇರಲಿಲ್ಲ. ಅದನ್ನು ನೆನೆದು ನೆನೆದು ಅವನು ರಾತ್ರಿಗಳ ನಿದ್ದೆ ಕೆಡಿಸಿಕೊಂಡಿದ್ದ, ಒಂದು ಥರದ ದೊಡ್ಡಸ್ತಿಕೆಯನ್ನೂ ಅನುಭವಿಸಿದ್ದ. ಇನ್ನೊಂದು ಪಾಪ, ಟೈಪು ಮಾಡಿಸಿದ ಅರವತ್ತು ಚೀಟಿಗಳದ್ದು, ಅದನ್ನು ಮಾಡಿದ ದಿನ ಮಧ್ಯಾಹ್ನ ಊಟ ಮಾಡಿ ಸೊಗಸಾಗಿ ಮಲಗಿದ್ದ. ಕರಡಿ ಕೆದರಿದ ಜಾಗ, ಬೇಗ ಇಳಿದೆ. ಆ ಸಾಲನ್ನು ಎರಡು ಸಾವಿರದ ನಾಲ್ಕರಲ್ಲೂ ಅವನು ಓದಿದ್ದ. ಓದಿ, 'ಜೂನ್ ೧೧' ಅಷ್ಟನ್ನೇ ತೆಗೆದುಕೊಂಡಿದ್ದ.

ಇನ್ನೊಂದು ಹಾಳೆ ಎಳೆದುಕೊಂಡು ಬರೆದ. ಈ ಅರವತ್ತು ಸಸ್ಯಗಳನ್ನು ಸಂಗ್ರಹಿಸಿದವರು ಪಕ್ಕೀರಪ್ಪ, ನಾನಲ್ಲ. ಒಂದು ಸಾಲು. 'ನಾನಲ್ಲ' ಎಂಬುದರ ಹತ್ತಿರ ಪೆನ್ನು ತಡೆಯಿತು, ಮತ್ತೆ ಹರಿಯಿತು. ಸಹಿ ಹಾಕುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಪಕ್ಕೀರಪ್ಪ ಬಂದ. ಮಗಳಿಗೆ ಬಸ್ಸಿನ ಹೊತ್ತಾಯಿತೆಂದು ಹೇಳಲು ಬಂದವನು ಹೊಸ್ತಿಲಲ್ಲೇ ನಿಂತ.

"ಬರ್ರಿ ಪಕ್ಕೀರಪ್ಪ, ಕುಂದರ್ರಿ," ಎಂದ ಹಾಲಸ್ವಾಮಿ.

ಪಕ್ಕೀರಪ್ಪ ಹಿಂದೆ ತಿರುಗಿ ನೋಡಿದ. ತನ್ನ ಬೆನ್ನಿಗೆ ಇನ್ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಬಂದ, ಕೂರಲಿಲ್ಲ. ಪಕ್ಕೀರಪ್ಪನಿಗಿಂತ ಒಂಬತ್ತು ವರ್ಷ ಚಿಕ್ಕವನಾದರೂ ಇಷ್ಟು ವರ್ಷ ಅವನನ್ನು ಬಾ, ಹೋಗು ಎಂದೇ ಕರೆದವನು ತಾನು. ಈಗ ಆಡಿದ ಎರಡು 'ರಿ'ಗಳು ಕೋಣೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದವು. ಕ್ರಾಂತಿ ಅಪ್ಪನಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದಳು, ಅವನ ಕಿವಿ ಸ್ವಲ್ಪ ಮಂದವಾದ್ದರಿಂದ ಎರಡು ಸಲ. ಹಾಲಸ್ವಾಮಿ ಕಾದ. ಏನನ್ನು ಕಾಯುತ್ತಿದ್ದೇನೆಂದು ಅವನಿಗೆ ಸ್ಪಷ್ಟವಿರಲಿಲ್ಲ. ಕೃತಜ್ಞತೆಯನ್ನಂತೂ ಅಲ್ಲ ಎಂದುಕೊಂಡ, ಆದರೆ ಅದು ಬಂದರೆ ಬೇಡ ಎನ್ನಲು ಒಂದು ಮಾತನ್ನೂ ತಯಾರು ಮಾಡಿಕೊಂಡಿದ್ದ.

ಪಕ್ಕೀರಪ್ಪ ಲ್ಯಾಪ್‌ಟಾಪಿನ ಮುಂದೆ ಬಗ್ಗಿ, ಮಗಳಿಗೆ ಒಂದೊಂದೇ ಪುಟ ಸರಿಸಲು ಹೇಳಿದ. ಪ್ರತಿ ಗಿಡದ ಎದುರೂ ತುಟಿ ಅಲುಗಿಸುತ್ತ ತಲೆಯಾಡಿಸಿದ, ಹಾಜರಿ ಕರೆಯುವವನಂತೆ. ಮಾಕಳಿ. ಬಂದರಿಕಿ. ಕಮರ. ಮಂಗರವಳ್ಳಿ. ಬಹಳ ಹೊತ್ತಾಯಿತು. ಬಸ್ಸು ತಪ್ಪುತ್ತದೆಂದು ಅವಳು ಹೇಳಲಿಲ್ಲ. ನಲವತ್ತೊಂದನೆಯ ಪುಟದಲ್ಲಿ ಅವನ ಬೆರಳು ಮೇಲೆದ್ದಿತು.

"ಅರವತ್ತು ಅಂತ ಬರಿಬ್ಯಾಡ್ರಿ ಸರ್. ಇದು ನಿಮ್ದು."

ಹಾಲಸ್ವಾಮಿ ಬಗ್ಗಿ ನೋಡಿದ. ಉತ್ತರಾಣಿ ಕಡ್ಡಿ. ಯಾವ ಬೇಲಿಯ ಬುಡದಲ್ಲೂ ಸಿಗುವ ಕಳೆ. ತಾರೀಖು ಜುಲೈ ಆರು, ಅವನು ಮುಂಬೈಯಿಂದ ಮರಳಿದ ಮರುವಾರ. ನಾನು ಯಾವಾಗ ತಂದೆ ಎಂದು ಕೇಳಿದ.

"ನೀವು ಬಂದ ಮ್ಯಾಲ ಬಾಗಳಿಗೆ ಹೋಗಿದ್ವಲ್ರಿ, ಹುಡುಗರನ್ನ ಕರಕೊಂಡು ಕಲ್ಲೇಶ್ವರ ಗುಡಿಗೆ. ನೀವು ಗುಡಿ ಹಿಂದ ಹೋಗಿ ಒಬ್ಬರ ನಿಂತಿದ್ರಿ, ಭಾಳೊತ್ತು. ತಿರುಗಿ ಬಂದಾಗ ನಿಮ್ಮ ಪ್ಯಾಂಟಿನ ತುಂಬ ಇದು ಹತ್ತಿಗೊಂಡಿತ್ರಿ. ನಾ ಬಿಡಿಸಿ ಪೇಪರಿನ್ಯಾಗ ಇಟ್ಟೆ. ತಂದವರು ನೀವಾ ಅಲ್ರಿ ಮತ್ತ."

ಅವನು ತಮಾಷೆ ಮಾಡುತ್ತಿರಲಿಲ್ಲ. ಪಕ್ಕೀರಪ್ಪ ತಮಾಷೆ ಮಾಡಿದ್ದನ್ನು ಹಾಲಸ್ವಾಮಿ ಎಂದೂ ಕಂಡಿರಲಿಲ್ಲ. ಗಿಡದ ಲೆಕ್ಕ ಗಿಡದ ಲೆಕ್ಕ ಎಂಬಂತೆ ನಿಂತಿದ್ದ. ಗುಡಿಯ ಹಿಂದೆ ತಾನು ಯಾಕೆ ನಿಂತಿದ್ದೆನೆಂದು ಪಕ್ಕೀರಪ್ಪನಿಗೆ ಗೊತ್ತಿತ್ತೇ, ಆ ವಾರವಿಡೀ ತನ್ನ ಮುಖ ಹೇಗಿತ್ತೆಂದು ನೋಡಿದ್ದನೇ? ಕೇಳಬಹುದಿತ್ತು. ಕ್ರಾಂತಿ ಕಿಟಕಿಯ ಹೊರಗೆ ನೋಡುತ್ತಿದ್ದಳು, ಅವಳ ತುಟಿಯ ಅಂಚು ಅಲುಗಿದ್ದು ನಗುವಿಗೋ ಬೇರೆ ಯಾವುದಕ್ಕೋ ತಿಳಿಯಲಿಲ್ಲ. ಹಾಲಸ್ವಾಮಿ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡು 'ಅರವತ್ತು' ಎಂಬುದರ ಮೇಲೆ ಒಂದು ಗೆರೆ ಎಳೆದ. ಮೇಲೆ 'ಐವತ್ತೊಂಬತ್ತು' ಎಂದು ಬರೆದ. ತಿದ್ದಿದ ಜಾಗದಲ್ಲಿ ನಿಯಮದಂತೆ ಚಿಕ್ಕ ಸಹಿ ಹಾಕಬೇಕಿತ್ತು, ಹಾಕಿದ. ಶಾಯಿ ಆರಲೆಂದು ಪಕ್ಕೀರಪ್ಪ ಹಾಳೆಯನ್ನು ಕೈಗೆತ್ತಿಕೊಂಡು, ಒಣಗಿಸುವುದು ಅವನ ಕೆಲಸವೇ ಆಗಿದ್ದುದರಿಂದ, ಅಂಚು ಮುಟ್ಟದಂತೆ ಹಿಡಿದು ಮೆಲ್ಲಗೆ ಊದತೊಡಗಿದ.